ಆಮ್‌ಸ್ಟರ್‌ಡ್ಯಾಮ್‌ನ ಬೇಸಿಗೆ ಸಂಜೆ: ದೋಣಿಯೋ, ದಡವೋ, ಫೆರ್ರಿಯೋ?

ಜೂನ್ ಬಂತು ಅಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ ಬರಲು ಶುರುವಾಗುತ್ತದೆ. "ಯೂರೋಪ್ ಟೂರ್‌ಗೆ ಬರ್ತಿದೀವಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಎರಡು ರಾತ್ರಿ ಇರ್ತೀವಿ, ಸಂಜೆಗೆ ಯಾವ ಬೋಟ್ ಬುಕ್ ಮಾಡ್ಲಿ?" ಚಿಕ್ಕಮ್ಮನ ಮಗ ಕೇಳುತ್ತಾನೆ, ಹಳೇ ಆಫೀಸಿನವರು ಕೇಳುತ್ತಾರೆ, ಒಮ್ಮೆಯೂ ಮುಖ ನೋಡದ ಅವರ ಸ್ನೇಹಿತರೂ ಕೇಳುತ್ತಾರೆ. ನಾನಿರುವುದು ಪಕ್ಕದ ಆಮ್‌ಸ್ಟಲ್‌ವೇನ್‌ನಲ್ಲಿ. ಏಳು ಬೇಸಿಗೆ ಈ ಕಾಲುವೆಗಳ ದಡದಲ್ಲೇ ಕಳೆದಿದ್ದೇನೆ, ಹಾಗಾಗಿ ಕೇಳುವವರ ಮೇಲೆ ನನಗೇನೂ ಬೇಜಾರಿಲ್ಲ. ಆದರೆ ಬೋಟಿನ ಮಾತಿಗೆ ಮುಂಚೆ ಹೊತ್ತಿನ ಮಾತು ಆಗಬೇಕು. ಯಾಕಂದ್ರೆ ಇಲ್ಲಿಗೆ ಬಂದವರಲ್ಲಿ ಹೆಚ್ಚಿನವರು ಒಳ್ಳೇ ಜಾಗವನ್ನೇ ಆರಿಸಿಕೊಂಡಿರುತ್ತಾರೆ, ತಪ್ಪಿದ ಹೊತ್ತಿನಲ್ಲಿ ಅಲ್ಲಿಗೆ ಹೋಗಿರುತ್ತಾರೆ.

ಜೂನ್ ಕೊನೆಯಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ 10 ಗಂಟೆ ದಾಟಿದ ಮೇಲೆ. ಜುಲೈ ಕೊನೆಗೆ ಸುಮಾರು 9.35, ಆಗಸ್ಟ್ ಮಧ್ಯಕ್ಕೆ 9 ಗಂಟೆ ಚಿಲ್ಲರೆ, ಆಗಸ್ಟ್ ಕೊನೆಗೆ 8.30. ಬೆಂಗಳೂರಿನಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ, ಮುಳುಗಿ ಇಪ್ಪತ್ತೈದು ನಿಮಿಷಕ್ಕೆಲ್ಲ ಕತ್ತಲೆ. ಇದು 52 ಡಿಗ್ರಿ ಉತ್ತರದ ಊರು. ಇಲ್ಲಿ ಅವನು ಓರೆಯಾಗಿ ಜಾರಿಕೊಂಡು ಹೋಗುತ್ತಾನೆ, ಮುಳುಗಿದ ಮೇಲೂ ಮುಕ್ಕಾಲು ಗಂಟೆ ಬೆಳಕು ಉಳಿಯುತ್ತದೆ. ಜೂನ್ ನಡುವಿನಲ್ಲಂತೂ ಮಧ್ಯರಾತ್ರಿಗೂ ಉತ್ತರದ ಆಕಾಶ ಪೂರ್ತಿ ಕಪ್ಪಾಗುವುದಿಲ್ಲ.

ಎರಡು ವರ್ಷದ ಹಿಂದೆ ಅಮ್ಮ ಬಂದಿದ್ದರು. ಅವರು ಮುಸ್ಸಂಜೆಗೆ ದೀಪ ಹಚ್ಚದೆ ಊಟಕ್ಕೆ ಕೂರುವವರಲ್ಲ. ಮೊದಲ ದಿನ ಬತ್ತಿ ಹೊಸೆದು, ಎಣ್ಣೆ ಹಾಕಿ ಇಟ್ಟುಕೊಂಡು ಎಂಟು ಗಂಟೆಗೆ ಕಿಟಕಿ ನೋಡಿದರು, ಒಂಬತ್ತಕ್ಕೆ ನೋಡಿದರು. "ಇನ್ನೂ ಬೆಳಕಿದೆಯಲ್ಲೋ, ಈಗ ಹೇಗೋ ಹಚ್ಚೋದು?" ಹತ್ತೂವರೆಗೆ ದೀಪ, ಹನ್ನೊಂದಕ್ಕೆ ಊಟ. ಎರಡನೇ ದಿನವೂ ಅಷ್ಟೇ. ಮೂರನೇ ದಿನ ಅವರೇ ಏಳು ಗಂಟೆಗೆ ದೀಪ ಹಚ್ಚಿದರು, ಏಳೂವರೆಗೆ ಊಟ ಮುಗಿಸಿದರು, ಸೆರಗು ಸರಿಮಾಡಿಕೊಂಡು "ಈಗ ಎಲ್ಲಿಗೆ ಕರ್ಕೊಂಡ್ ಹೋಗ್ತೀಯೋ ನಡಿ" ಎಂದರು. ನಾನು ಎಲ್ಲರಿಗೂ ಹೇಳುವುದು ಅದನ್ನೇ. ಊಟ ಬೇಗ ಮುಗಿಸಿ. ಎಂಟೂವರೆಯಿಂದ ಹತ್ತೂವರೆವರೆಗಿನ ಎರಡು ಗಂಟೆಯನ್ನು ಹೋಟೆಲಿನೊಳಗೆ ಬಿಲ್ಲಿಗೆ ಕಾಯುತ್ತ ಕಳೆಯಬೇಡಿ. ತಡವಾಗಿ ಉಣ್ಣೋಣ ಅಂದರೂ ಬಹಳ ಕಡೆ ಅಡುಗೆಮನೆ ಒಂಬತ್ತೂವರೆ, ಹತ್ತಕ್ಕೆಲ್ಲ ಮುಚ್ಚಿಬಿಡುತ್ತದೆ.

ಈಗ ಬೋಟು

ಮೂರು ಥರ ಇದೆ. ಮೊದಲನೆಯದು ಸೆಂಟ್ರಲ್ ಸ್ಟೇಷನ್ ಎದುರು, ರೈಕ್ಸ್ ಮ್ಯೂಸಿಯಂ ಹತ್ತಿರ ಸಾಲಾಗಿ ನಿಂತಿರುವ ಗಾಜಿನ ಛಾವಣಿಯ ದೊಡ್ಡ ಬೋಟು. ಒಂದು ಗಂಟೆ ಚಿಲ್ಲರೆಯ ಸುತ್ತು, ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನಿನಲ್ಲಿ ವಿವರಣೆ. ಮೂರರಲ್ಲಿ ಇದೇ ಅಗ್ಗ, ಮಳೆಗೆ ಹೆದರಬೇಕಾಗಿಲ್ಲ, ಕೆಲವದರಲ್ಲಿ ಟಾಯ್ಲೆಟ್ಟೂ ಇರುತ್ತದೆ. ಮಳೆ ಹಿಡಿದ ಸಂಜೆಗೆ, ಮೊಣಕಾಲು ನೋವಿನ ಹಿರಿಯರಿಗೆ ಇದೇ ಸರಿ. ಬಿಸಿಲಿನ ಸಂಜೆಗೆ ಬೇಡ. ನಾವು ಹೋದ ಬೋಟಿನಲ್ಲಿ ಕಿಟಕಿ ತೆಗೆಯಲು ಬರುತ್ತಿರಲಿಲ್ಲ. ಪಡುವಣ ಬಿಸಿಲು ಗಾಜಿಗೆ ಹೊಡೆದು ಒಳಗೆ ಮಧ್ಯಾಹ್ನದ ಬಸ್ಸಿನಂಥ ಸೆಖೆ. ಫೋಟೋದಲ್ಲೆಲ್ಲ ನಮ್ಮದೇ ಮುಖದ ಪ್ರತಿಬಿಂಬ. ಹೊರಗೆ ವೆಸ್ಟರ್‌ಕೆರ್ಕ್ ಚರ್ಚಿನ ಗಂಟೆ ಹೊಡೆಯುತ್ತಿದ್ದರೆ ನಾವು ಹೆಡ್‌ಫೋನಿನಲ್ಲಿ ಅದರ ಬಗ್ಗೆ ಕೇಳುತ್ತಿದ್ದೆವು.

ಎರಡನೆಯದು ಛಾವಣಿಯಿಲ್ಲದ ಚಿಕ್ಕ ಬೋಟು. ನಡೆಸುವವರೇ ಮಾತಾಡುತ್ತ ಕರೆದುಕೊಂಡು ಹೋಗುತ್ತಾರೆ. ಹತ್ತು ಹನ್ನೆರಡು ಜನ ಇರುತ್ತಾರೆ ಅಷ್ಟೆ, ಹಾಗಾಗಿ ಪ್ರಶ್ನೆ ಕೇಳಬಹುದು. ಈ ಮನೆಗಳು ಯಾಕೆ ಮುಂದಕ್ಕೆ ವಾಲಿವೆ, ಮೇಲಿನ ತೊಲೆಯಲ್ಲಿ ಕೊಕ್ಕೆ ಯಾಕೆ ನೇತಾಡುತ್ತಿದೆ ಅಂತ ಅಮ್ಮ ಕೇಳಿದರು, ನಾನು ಅನುವಾದ ಮಾಡಿದೆ. ಒಳಗಿನ ಮೆಟ್ಟಿಲು ತೀರಾ ಕಿರಿದು, ಅದಕ್ಕೇ ಮಂಚ, ಬೀರು ಎಲ್ಲ ಹಗ್ಗ ಕಟ್ಟಿ ಹೊರಗಿನಿಂದಲೇ ಮೇಲೆತ್ತುವುದು, ಗೋಡೆಗೆ ಉಜ್ಜದಿರಲಿ ಅಂತ ಮುಂದಕ್ಕೆ ವಾಲಿಸಿ ಕಟ್ಟಿದ್ದು ಎಂದು ಆತ ಹೇಳಿದ. ದುಡ್ಡು ದೊಡ್ಡ ಬೋಟಿಗಿಂತ ಜಾಸ್ತಿ. ನನ್ನ ಮಟ್ಟಿಗೆ ಒಂದೇ ಸಲ ಬರುವವರು, ಅಪ್ಪ ಅಮ್ಮನನ್ನು ಕರೆತರುವವರು ಇದನ್ನೇ ಆರಿಸಬೇಕು. ಎರಡು ವಿಷಯ ಮೊದಲೇ ಕೇಳಿಕೊಳ್ಳಿ. ದಡದಿಂದ ಬೋಟಿಗೆ ಎಷ್ಟು ಎತ್ತರ ಇಳಿಯಬೇಕು ಅನ್ನುವುದು ಒಂದು, ಕೆಲವು ಕಡೆ ಮೊಣಕಾಲೆತ್ತರದ ಒಂದೇ ಹೆಜ್ಜೆ ಇರುತ್ತದೆ. ಟಾಯ್ಲೆಟ್ ಇದೆಯಾ ಅನ್ನುವುದು ಇನ್ನೊಂದು. ಸಾಮಾನ್ಯವಾಗಿ ಇರುವುದಿಲ್ಲ, ಹತ್ತುವ ಮುಂಚೆ ಹೋಗಿ ಬಂದುಬಿಡಿ. ಜೂನ್, ಜುಲೈನಲ್ಲಾದರೆ ಎಂಟೂವರೆ ಅಥವಾ ಅದರ ನಂತರದ ಸುತ್ತು ಹಿಡಿಯಿರಿ.

ಮೂರನೆಯದು ನೀವೇ ನಡೆಸುವ ಎಲೆಕ್ಟ್ರಿಕ್ ಬೋಟು. ಇದಕ್ಕೆ ಲೈಸೆನ್ಸ್ ಬೇಡ ಅಂದರೆ ಊರಿನವರು ನಂಬುವುದಿಲ್ಲ, ನಿಜವಾಗಿಯೂ ಬೇಡ. ಕಾಲುವೆಯಲ್ಲಿ ವೇಗದ ಮಿತಿ ಗಂಟೆಗೆ 6 ಕಿಲೋಮೀಟರ್, ಅಂದರೆ ಬಿರುಸಾಗಿ ನಡೆದಷ್ಟು. ಆರು ಜನ ಸೇರಿ ಎರಡು ಮೂರು ಗಂಟೆಗೆ ತೆಗೆದುಕೊಂಡರೆ ತಲೆಗೆ ಬೀಳುವ ದುಡ್ಡು ಎರಡನೇ ಥರದ ಬೋಟಿನಷ್ಟೇ ಆಗುತ್ತದೆ, ಹೊತ್ತು ಮಾತ್ರ ಎರಡರಷ್ಟು ಸಿಗುತ್ತದೆ. ಸ್ನೇಹಿತರ ಗುಂಪಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಬಲಗಡೆ ಹಿಡಿದು ಹೋಗಬೇಕು, ನಾವು ಎಡಗಡೆ ಓಡಿಸಿ ಬೆಳೆದವರು, ಮೊದಲ ಹತ್ತು ನಿಮಿಷ ಒಬ್ಬರು ಪಕ್ಕದಲ್ಲಿ ಕೂತು ನೆನಪಿಸುತ್ತಿರಲಿ. ದೊಡ್ಡ ಬೋಟು ಬಂದರೆ ದಾರಿ ಬಿಟ್ಟುಬಿಡಿ, ಅವಕ್ಕೆ ಗಕ್ಕನೆ ನಿಲ್ಲಲು ಆಗುವುದಿಲ್ಲ. ಸೇತುವೆ ಕೆಳಗೆ ಯಾರೂ ಎದ್ದು ನಿಲ್ಲಬಾರದು, ಕಾಲು ಹೊರಗೆ ಚಾಚಬಾರದು. ನಡೆಸುವವರು ಕುಡಿಯಬಾರದು, ಕಾರಿಗೆ ಇರುವ ನಿಯಮವೇ ಇಲ್ಲಿಗೂ. ಸ್ಪೀಕರ್ ಹಾಕಿ ಹಾಡು ಬೇಡ, ಎರಡೂ ಕಡೆ ಮಲಗುವ ಮನೆಗಳಿವೆ.

ಶನಿವಾರ ಸಂಜೆ ಪ್ರಿನ್ಸೆನ್‌ಗ್ರಾಖ್ಟ್ ಕಾಲುವೆ ಕಡೆ ಹೋದರೆ ಸಿಲ್ಕ್ ಬೋರ್ಡ್ ಸಿಗ್ನಲ್ ನೆನಪಾಗುತ್ತದೆ, ಅಷ್ಟು ದೋಣಿ. ಸೋಮವಾರ, ಮಂಗಳವಾರ ಹೋಗಿ, ಪೂರ್ವದ ಕಡೆಗೆ ತಿರುಗಿಸಿ. ಅಲ್ಲಿ ಎಂಟ್ರೆಪೋಡಾಕ್ ಅಂತ ಹಳೇ ಗೋದಾಮುಗಳ ಉದ್ದ ಸಾಲಿದೆ. ಒಂದೊಂದು ಗೋದಾಮಿಗೂ ಒಂದೊಂದು ಊರಿನ ಹೆಸರು, ಅದೂ ಅಕಾರಾದಿಯಾಗಿ. ಒಂದು ಕಡೆ ಆರ್ಟಿಸ್ ಮೃಗಾಲಯದ ಪ್ರಾಣಿಗಳು ನೀರಿನಾಚೆ ಕಾಣುತ್ತವೆ. ಮಕ್ಕಳು ಜೊತೆಯಲ್ಲಿದ್ದರೆ ಈ ದಾರಿ ಬಿಡಬೇಡಿ. ಬೋಟು ವಾಪಸ್ ಕೊಡುವ ಗಂಟೆ ಮಾತ್ರ ಬುಕ್ ಮಾಡುವಾಗಲೇ ಕೇಳಿ. ಕೆಲವರು ಸೂರ್ಯ ಮುಳುಗುವ ಮುಂಚೆಯೇ ತಂದು ನಿಲ್ಲಿಸಿ ಅನ್ನುತ್ತಾರೆ. ಒಳ್ಳೇ ಬೆಳಕು ಶುರುವಾಗುವ ಹೊತ್ತಿಗೆ ನಾವು ಹಗ್ಗ ಕಟ್ಟುತ್ತ ನಿಂತಿದ್ದೆವು ಒಂದು ಸಲ.

ದುಡ್ಡೇ ಬೇಡದ ದಡ

ಬೋಟಿನ ವಿಷಯ ಇಷ್ಟುದ್ದ ಬರೆದರೂ, ನನ್ನನ್ನು ಕೇಳಿದರೆ ಈ ಊರಿನ ಸಂಜೆ ಇರುವುದು ಕಾಲುವೆಯ ಅಂಚಿನ ಕಲ್ಲಿನ ಮೇಲೆ. ಹೇರೆನ್‌ಗ್ರಾಖ್ಟ್, ಕೈಜರ್ಸ್‌ಗ್ರಾಖ್ಟ್, ಪ್ರಿನ್ಸೆನ್‌ಗ್ರಾಖ್ಟ್ ಮೂರೂ 17ನೇ ಶತಮಾನದಲ್ಲಿ ತೋಡಿದವು, 2010ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ. ಇವು ಊರಿನ ಸುತ್ತ ಬಾಗಿಕೊಂಡು ಹೋಗುವುದರಿಂದ ಬಿಸಿಲು ಒಂದು ತುಂಡಿಗೆ ಬಿದ್ದು ಇನ್ನೊಂದಕ್ಕೆ ಬೀಳುವುದಿಲ್ಲ. ಆದರೆ ಉತ್ತರದ ತುದಿಯಲ್ಲಿ ಬ್ರೌವರ್ಸ್‌ಗ್ರಾಖ್ಟ್ ಇದೆಯಲ್ಲ, ಅದು ವಾಯವ್ಯಕ್ಕೆ ಮುಖ ಮಾಡಿ ಸಾಗುತ್ತದೆ. ಜೂನ್‌ನಲ್ಲಿ ಸೂರ್ಯ ಮುಳುಗುವುದೂ ಆ ದಿಕ್ಕಿಗೇ. ಪ್ರಿನ್ಸೆನ್‌ಗ್ರಾಖ್ಟ್ ಬಂದು ಸೇರುವ ಮೂಲೆಯ ಸೇತುವೆ ಮೇಲೆ ಒಂಬತ್ತೂವರೆಗೆ ನಿಂತರೆ ಇಡೀ ಕಾಲುವೆ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿರುತ್ತದೆ. ಹಳೇ ಗೋದಾಮುಗಳ ಮರದ ಕಿಟಕಿ ಬಾಗಿಲುಗಳ ಮೇಲೆ ನೀರಿನ ಬೆಳಕು ಅಲುಗಾಡುತ್ತದೆ. ಬಾತುಕೋಳಿಯೊಂದು ದಾಟಿದರೆ ಆ ಬೆಳಕು ಚೂರಾಗಿ, ಮತ್ತೆ ನಿಧಾನಕ್ಕೆ ಕೂಡಿಕೊಳ್ಳುತ್ತದೆ.

ಇಲ್ಲಿನವರು ಸಂಜೆ ಮನೆಯಿಂದ ಎರಡು ಕುರ್ಚಿ, ಒಂದು ಚಿಕ್ಕ ಮೇಜು ತಂದು ಬಾಗಿಲ ಮುಂದೆ ಹಾಕಿಕೊಂಡು ಕೂರುತ್ತಾರೆ. ನಮ್ಮ ಹಳೇ ಮನೆಗಳ ಜಗಲಿ ಇದ್ದ ಹಾಗೆಯೇ. ದಾರಿಯಲ್ಲಿ ಹೋಗುವವರಿಗೆ ತಲೆ ಆಡಿಸುತ್ತಾರೆ, ಪಕ್ಕದ ಮನೆಯವರು ಬಂದು ಮೆಟ್ಟಿಲ ಮೇಲೆ ಕೂರುತ್ತಾರೆ. ನೀವು ಅವರ ಮೆಟ್ಟಿಲ ಮೇಲೆ ಕೂರಬೇಡಿ, ದಡದ ಕಲ್ಲು ಎಲ್ಲರದೂ. ತಿನ್ನಲು ಸೂಪರ್ ಮಾರ್ಕೆಟ್ಟಿನಿಂದ ಏನಾದರೂ ಒಯ್ಯಿರಿ. ಜೂನ್‌ನಲ್ಲಿ ಸ್ಟ್ರಾಬೆರಿ ಚೆನ್ನಾಗಿರುತ್ತದೆ. ಹಾಲಿನ ಕಪಾಟಿನಲ್ಲಿ ಕಾರ್ನೆಮೆಲ್ಕ್ ಅಂತ ಬರೆದ ಡಬ್ಬ ಇರುತ್ತದೆ, ಅದು ನಮ್ಮ ಮಜ್ಜಿಗೆಯೇ. ನಾವು ಸ್ವಲ್ಪ ನೀರು ಸೇರಿಸಿ, ಉಪ್ಪು, ಜಜ್ಜಿದ ಶುಂಠಿ ಹಾಕಿ ಬಾಟಲಿಯಲ್ಲಿ ಒಯ್ಯುತ್ತೇವೆ, ಜೊತೆಗೆ ಡಬ್ಬಿಯಲ್ಲಿ ಚಿತ್ರಾನ್ನ. ಬಿಯರ್, ವೈನ್ ಒಯ್ಯುವ ಯೋಚನೆ ಇದ್ದರೆ ಬೋರ್ಡ್ ನೋಡಿಕೊಳ್ಳಿ, ನಡುಪಟ್ಟಣದ ಎಷ್ಟೋ ಬೀದಿಗಳಲ್ಲಿ ಹೊರಗೆ ಕುಡಿಯುವಂತಿಲ್ಲ.

ಚಿಕ್ಕ ಮಕ್ಕಳಿದ್ದರೆ ಒಂದು ಮಾತು. ಕಾಲುವೆಗೆ ಬಹಳ ಕಡೆ ಕಂಬಿ ಇಲ್ಲ. ಕಾರು ನಿಲ್ಲಿಸುವ ಕಡೆ ಮೊಣಕಾಲೆತ್ತರದ ಕಬ್ಬಿಣದ ಅಡ್ಡಪಟ್ಟಿ ಇರುತ್ತದೆ, ಅಷ್ಟೆ. ಓಡಾಡುವ ವಯಸ್ಸಿನ ಮಗು ಇದ್ದರೆ ದಡ ಬೇಡ, ಫೊಂಡೆಲ್‌ಪಾರ್ಕಿಗೆ ಹೋಗಿ. 47 ಹೆಕ್ಟೇರಿನ ಹುಲ್ಲು, ಕೊಳ, ಬೇಸಿಗೆಯಲ್ಲಿ ಬಯಲು ರಂಗಮಂದಿರದ ಕಾರ್ಯಕ್ರಮ. ಕೊಳದಿಂದ ದೂರ, ಹುಲ್ಲಿನ ಮೇಲಾದರೆ ಮಗುವಿನ ಕೈ ಬಿಟ್ಟು ಕೂರಬಹುದು, ಅದೇ ದೊಡ್ಡ ಸುಖ ಅಲ್ವಾ.

ಹತ್ತೂವರೆ ದಾಟಿದ ಮೇಲೆ ಸೇತುವೆಗಳ ಕಮಾನಿಗೆ ಸಾಲುದೀಪ ಹತ್ತಿಕೊಳ್ಳುತ್ತದೆ. ಆಗ ಹೇರೆನ್‌ಗ್ರಾಖ್ಟ್ ಮತ್ತು ರೆಗುಲಿಯರ್ಸ್‌ಗ್ರಾಖ್ಟ್ ಕೂಡುವ ಕಡೆ ನಿಂತರೆ ಒಂದರ ಹಿಂದೊಂದು ಸೇತುವೆಗಳ ಕಮಾನು ಕಾಣುತ್ತದೆ, ಏಳು ಅಂತ ಲೆಕ್ಕ. ಅಲ್ಲಿಂದ ಹತ್ತು ನಿಮಿಷ ನಡೆದರೆ ಆಮ್‌ಸ್ಟಲ್ ನದಿಯ ಮೇಲೆ ಬಿಳೀ ಮರದ ಮಾಗೆರೆ ಬ್ರುಖ್ ಸೇತುವೆ, ನೂರಾರು ಬಲ್ಬು ಹಚ್ಚಿಕೊಂಡು ನಿಂತಿರುತ್ತದೆ. ಎರಡಕ್ಕೂ ಟಿಕೆಟ್ ಇಲ್ಲ.

ಟೆರಾಸ್‌ನ ಕುರ್ಚಿ

ಇಲ್ಲಿ ಟೆರಾಸ್ ಅಂದರೆ ನಮ್ಮ ತಾರಸಿ ಅಂದುಕೊಳ್ಳಬೇಡಿ, ಕೆಫೆಯವರು ಹೊರಗೆ ಹಾಕಿದ ಮೇಜು ಕುರ್ಚಿಗಳು. ಕೂತು ನೋಡಬೇಕು, ಬೆನ್ನಿಗೆ ಆಸರೆ ಬೇಕು, ಟಾಯ್ಲೆಟ್ ಹತ್ತಿರ ಇರಬೇಕು ಅನ್ನುವವರಿಗೆ ದಡದ ಕಲ್ಲಿಗಿಂತ ಇದು ವಾಸಿ. ಬಿಸಿಲು ಬೀಳುವ ಬದಿಯ ಕುರ್ಚಿಗಳು ಆರು ಗಂಟೆಗೇ ತುಂಬಿಹೋಗುತ್ತವೆ. ಎದುರು ದಡದಲ್ಲಿ ಖಾಲಿ ಇದೆ ಅಂತ ಹೋದರೆ ನೆರಳು, ಒಂಬತ್ತರ ಹೊತ್ತಿಗೆ ಚಳಿ. ಬೆಲೆ ಜಾಸ್ತಿಯೇ, ಒಂದು ಚಿಕ್ಕ ಜ್ಯೂಸಿಗೂ ನಾಲ್ಕೈದು ಯೂರೋ ಕೊಡಬೇಕು. ಸಸ್ಯಾಹಾರಿಗಳು ಒಂದು ನೆನಪಿಡಿ: ಎಲ್ಲರ ಮೇಜಿನ ಮೇಲೂ ಕಾಣುವ, ನಮ್ಮ ಬೋಂಡಾ ಥರದ ಕಂದು ಉಂಡೆ ಬಿಟರ್‌ಬಾಲೆನ್. ಒಳಗಿರುವುದು ಸಾಮಾನ್ಯವಾಗಿ ದನದ ಮಾಂಸ. ಗೊತ್ತಿಲ್ಲದೆ ಬಾಯಿಗಿಟ್ಟು ನೊಂದುಕೊಂಡವರನ್ನು ನೋಡಿದ್ದೇನೆ. ತರಕಾರಿಯದು ಇದೆಯಾ ಅಂತ ಕೇಳಿ, ಇಲ್ಲದಿದ್ದರೆ ಚೀಸ್ ತುಂಬಿ ಕರಿದ ಕಾಸ್‌ಸ್ಟೆಂಗಲ್ಸ್ ಹೇಳಿ.

ಎರಡೇ ಗಂಟೆ ಇದ್ದರೆ ಫೆರ್ರಿ

ಸೆಂಟ್ರಲ್ ಸ್ಟೇಷನ್ನಿನ ಹಿಂಬಾಗಿಲಿನಿಂದ ಹೊರಬಂದರೆ ಎದುರಿಗೆ ಅಗಲವಾದ ನೀರು. ಅದರ ಹೆಸರು ಐ, ಅಷ್ಟೇ. ಅದನ್ನು ದಾಟಿಸುವ ಸರ್ಕಾರಿ ಫೆರ್ರಿಗಳಿಗೆ ಟಿಕೆಟ್ಟೇ ಇಲ್ಲ. ಸೈಕಲ್ ಸಮೇತ ಜನ ನುಗ್ಗುತ್ತಾರೆ, ನೀವೂ ಹತ್ತಿಬಿಡಿ. ಬೌಕ್ಸ್‌ಲೋಟರ್‌ವೆಖ್‌ಗೆ ಹೋಗುವುದು ನಾಲ್ಕೈದು ನಿಮಿಷದ್ದು, ರಾತ್ರಿಯಿಡೀ ಓಡುತ್ತದೆ. ಇಳಿದ ತಕ್ಷಣ ಎಡಕ್ಕೆ 2012ರಲ್ಲಿ ತೆರೆದ ಐ ಫಿಲ್ಮ್ ಮ್ಯೂಸಿಯಂ, ಅದರ ಹೊರಗಿನ ದೊಡ್ಡ ಮೆಟ್ಟಿಲ ಮೇಲೆ ಕೂತರೆ ಇಡೀ ಊರು ಎದುರಿಗೆ. ಇನ್ನೊಂದು ಫೆರ್ರಿ ಎನ್‌ಡಿಎಸ್‌ಎಂಗೆ ಹೋಗುತ್ತದೆ, ಕಾಲು ಗಂಟೆ. ಅದು ಮೊದಲು ಹಡಗು ಕಟ್ಟುವ ಜಾಗವಾಗಿತ್ತು, ಈಗ ಹಳೇ ಕ್ರೇನುಗಳ ನಡುವೆ ಕಲಾವಿದರ ಕಾರ್ಯಾಗಾರ, ಮರಳು ಹಾಸಿದ ಕೆಫೆ.

ನಾನು ಹೇಳುವುದು ಈ ಎರಡನೆಯದನ್ನು. ಬೇಸಿಗೆ ಸಂಜೆ ಅದು ಮುಳುಗುವ ಸೂರ್ಯನ ಕಡೆಗೇ ಹೋಗುತ್ತದೆ. ಮುಂಭಾಗದ ಕಂಬಿ ಹಿಡಿದು ನಿಂತರೆ ಗಾಳಿ ಮುಖಕ್ಕೆ ಹೊಡೆಯುತ್ತದೆ, ಪಕ್ಕದಲ್ಲಿ ಆಫೀಸು ಮುಗಿಸಿ ಮನೆಗೆ ಹೋಗುವವರು ಸೈಕಲ್ಲಿಗೆ ಒರಗಿ ಕಣ್ಣು ಮುಚ್ಚಿಕೊಂಡು ಬಿಸಿಲು ಕಾಯಿಸುತ್ತಿರುತ್ತಾರೆ. ಕಾಲುವೆಯೊಳಗೆ ಆಕಾಶ ಎರಡು ಸಾಲು ಮನೆ ನಡುವಿನ ಪಟ್ಟಿ, ಇಲ್ಲಿ ಅದು ಪೂರ್ತಿ ತೆರೆದುಕೊಳ್ಳುತ್ತದೆ. ವಾಪಸ್ ಬರುವ ಕೊನೇ ಫೆರ್ರಿಯ ಗಂಟೆ ಮಾತ್ರ ನೋಡಿಟ್ಟುಕೊಳ್ಳಿ, ಇದು ರಾತ್ರಿಯಿಡೀ ಇರುವುದಿಲ್ಲ.

ಇನ್ನು ಸೈಕಲ್. ನಡುಪಟ್ಟಣದಲ್ಲಿ ಹೊಸಬರು ಸೈಕಲ್ ತುಳಿಯುವುದು ಬೇಡ, ಟ್ರಾಮ್ ಹಳಿ, ಹಿಂದಿನಿಂದ ಬೆಲ್ ಹೊಡೆಯುವವರು, ಸುಮ್ನೆ ಗಾಬರಿ. ತುಳಿಯುವ ಅಭ್ಯಾಸ ಇದ್ದವರು ಆಮ್‌ಸ್ಟಲ್ ನದಿ ಹಿಡಿದು ದಕ್ಷಿಣಕ್ಕೆ ಔಡರ್‌ಕೆರ್ಕ್ ಊರಿನ ತನಕ ಹೋಗಿ ಬನ್ನಿ, ಒಂದು ಕಡೆಗೆ ಹತ್ತು ಕಿಲೋಮೀಟರ್ ಆಸುಪಾಸು. ದಾರಿಯಲ್ಲಿ 1636ರ ರೀಕರ್‌ಮೋಲೆನ್ ಗಾಳಿಗಿರಣಿ, ಪಕ್ಕದಲ್ಲಿ ಚಿತ್ರ ಬರೆಯುತ್ತ ಕೂತ ರೆಂಬ್ರಾಂಟ್‌ನ ಪ್ರತಿಮೆ. ಒಂದೇ ಒಂದು ಏರೂ ಇಲ್ಲ. ಸೈಕಲ್ಲಿಗೆ ಮುಂದೆ ಹಿಂದೆ ಲೈಟ್ ಕಡ್ಡಾಯ.

ಆಮ್‌ಸ್ಟರ್‌ಡ್ಯಾಮೋ, ಉಟ್ರೆಕ್ಟೋ?

ಮೂರನೇ ಸಂಜೆ ಇದ್ದರೆ ಮಾತ್ರ ಈ ಪ್ರಶ್ನೆ. ಉಟ್ರೆಕ್ಟ್ ಹತ್ತಿರದ ಇನ್ನೊಂದು ಕಾಲುವೆ ಊರು, ರೈಲಿನಲ್ಲಿ ಅರ್ಧ ಗಂಟೆಯೂ ಇಲ್ಲ. ಉಟ್ರೆಕ್ಟ್‌ನ ಔಡೆಗ್ರಾಖ್ಟ್ ಎರಡಂತಸ್ತಿನ ಕಾಲುವೆ: ಮೇಲೆ ರಸ್ತೆ, ಒಂದು ಅಂತಸ್ತು ಕೆಳಗೆ ನೀರಿನ ಮಟ್ಟದಲ್ಲಿ ಕಟ್ಟೆ, ಕಟ್ಟೆಗೆ ತೆರೆದುಕೊಳ್ಳುವ ಹಳೇ ನೆಲಮಾಳಿಗೆಗಳು. ಅಲ್ಲೇ ಮೇಜು ಹಾಕಿರುತ್ತಾರೆ. ಕೈ ಚಾಚಿದರೆ ನೀರು. ಮರಗಳೂ ಆ ಕೆಳಗಿನ ಕಟ್ಟೆಯಿಂದಲೇ ಎದ್ದಿವೆ. ಜನ ಕಡಿಮೆ, ಗಲಾಟೆ ಕಡಿಮೆ. ಆದರೆ ಆ ಕಟ್ಟೆಗೆ ಬೇಗ ನೆರಳು ಇಳಿಯುತ್ತದೆ. ಹಾಗಾಗಿ ಊಟಕ್ಕೆ ಉಟ್ರೆಕ್ಟ್, ಬೆಳಕಿಗೆ ಆಮ್‌ಸ್ಟರ್‌ಡ್ಯಾಮ್ ಅಂತ ನನ್ನ ಲೆಕ್ಕ. ಸ್ಟೇಷನ್ನಿನ ಪಕ್ಕದಲ್ಲೇ ಇರುವ ಕ್ಯಾಥರೈನ್‌ಸಿಂಗಲ್ ಕಾಲುವೆಯನ್ನೂ ನೋಡಿ. ಅದನ್ನು ಹಿಂದೆ ಬರಿದು ಮಾಡಿ ದೊಡ್ಡ ರಸ್ತೆ ಹಾಕಿದ್ದರು, 2020ರಲ್ಲಿ ರಸ್ತೆ ತೆಗೆದು ಮತ್ತೆ ನೀರು ಹರಿಸಿದರು. ರಾಜಕಾಲುವೆ ಮುಚ್ಚುವುದನ್ನೇ ನೋಡುತ್ತ ಬಂದ ನನಗೆ, ರಸ್ತೆ ಇದ್ದ ಜಾಗದಲ್ಲಿ ಮಕ್ಕಳು ದೋಣಿ ಹುಟ್ಟು ಹಾಕುವುದನ್ನು ನೋಡಿ ಗಂಟಲು ಕಟ್ಟಿತು.

ಯಾವ ತಿಂಗಳು ಅಂತ ಕೇಳುವವರಿಗೆ: ಬೆಳಕೇ ಮುಖ್ಯ ಅಂದರೆ ಜೂನ್ 10ರಿಂದ ಜುಲೈ 10. ಮಕ್ಕಳು ಬೇಗ ಮಲಗಬೇಕು, ದೀಪದ ಸೇತುವೆಗಳನ್ನೂ ಅವರಿಗೆ ತೋರಿಸಬೇಕು ಅಂದರೆ ಆಗಸ್ಟ್ ಕೊನೆ. ಆಗಸ್ಟ್‌ನಲ್ಲಿ ಪ್ರಿನ್ಸೆನ್‌ಗ್ರಾಖ್ಟ್‌ನ ನೀರಿನ ಮೇಲೆ ವೇದಿಕೆ ಕಟ್ಟಿ ಶಾಸ್ತ್ರೀಯ ಸಂಗೀತ ಕಛೇರಿ ನಡೆಸುತ್ತಾರೆ, ಜನ ದೋಣಿಯಲ್ಲೇ ಕೂತು ಕೇಳುತ್ತಾರೆ. ಆ ದಿನ ಊರಲ್ಲಿದ್ದರೆ ಬೇರೆಲ್ಲ ಯೋಚನೆ ಬಿಟ್ಟು ಅಲ್ಲಿಗೆ ಹೋಗಿ. ಎಲ್‌ಜಿಬಿಟಿ ಸಮುದಾಯದ ಪ್ರೈಡ್ ದೋಣಿ ಮೆರವಣಿಗೆಯ ಶನಿವಾರ, ಸಾಮಾನ್ಯವಾಗಿ ಆಗಸ್ಟ್‌ನ ಮೊದಲನೆಯದು, ಊರೇ ಹಬ್ಬ. ನೋಡಲು ಬನ್ನಿ, ನೆಮ್ಮದಿಯ ಬೋಟ್ ಸುತ್ತಿಗೆ ಮಾತ್ರ ಬೇರೆ ದಿನ ಇಟ್ಟುಕೊಳ್ಳಿ. ಯಾವ ತಿಂಗಳಾದರೂ ಸ್ವೆಟರ್ ಬೇಕು. ಜುಲೈನಲ್ಲಿ ಹಗಲು ಸರಾಸರಿ 22 ಡಿಗ್ರಿ, ಸೂರ್ಯ ಹೋದ ಮೇಲೆ ನೀರಿನ ಮೇಲಿನ ಗಾಳಿ ಬೆನ್ನಿಗೆ ತಾಗುತ್ತದೆ. ಹೊರಡುವ ಮುಂಚೆ ಇಲ್ಲಿನವರೆಲ್ಲ ನೋಡುವ ಬೌಯೆನ್‌ರಾಡಾರ್ ಆ್ಯಪ್ ನೋಡಿ, ಮುಂದಿನ ಎರಡು ಗಂಟೆಯಲ್ಲಿ ಮಳೆ ಬರುತ್ತದಾ ಇಲ್ಲವಾ ಹೇಳುತ್ತದೆ.

ಒಂದೇ ಸಂಜೆ ಇರುವವರಿಗೆ ನಾನು ಹಾಕಿಕೊಡುವ ದಾರಿ ಇದು. ಆರೂವರೆಗೆ ಊಟ. ಏಳೂಮುಕ್ಕಾಲಿಗೆ ಎನ್‌ಡಿಎಸ್‌ಎಂ ಫೆರ್ರಿ, ಹೋಗಿ ಒಂದು ಕಾಫಿ ಕುಡಿದು ವಾಪಸ್. ಸ್ಟೇಷನ್ನಿನಿಂದ ಹತ್ತು ಹದಿನೈದು ನಿಮಿಷ ನಡೆದರೆ ಬ್ರೌವರ್ಸ್‌ಗ್ರಾಖ್ಟ್, ಒಂಬತ್ತೂಕಾಲಿಗೆ ಅಲ್ಲಿ ದಡ ಹಿಡಿದು ಕೂರಿ. ಬೋಟು ಆಮೇಲೆ ನೋಡೋಣ. ಅಮ್ಮನನ್ನು ಕೂರಿಸಿದ್ದೂ ಅಲ್ಲೇ, ಮೂಲೆಯ ಬೆಂಚಿನ ಮೇಲೆ. ಹತ್ತೂಕಾಲರ ಹೊತ್ತಿಗೆ ಎದುರು ನಿಂತ ದೋಣಿಮನೆಯ ಕಿಟಕಿಯಲ್ಲಿ ಒಬ್ಬ ಅಜ್ಜಿ ಬಂದು ಮೇಣದಬತ್ತಿ ಹಚ್ಚಿಟ್ಟು ಹೋದರು. "ನೋಡು, ಇವ್ರಿಗೆ ಈಗ ದೀಪ ಹಚ್ಚೋ ಹೊತ್ತು" ಎಂದರು ಅಮ್ಮ, ಕೂತಲ್ಲಿಂದಲೇ ಕೈ ಮುಗಿದರು.